ಪಾಲಿಗೆ ಸಾಕಿದ ನಾಯಿ

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ಆಡಿಕೊಳ್ಳುವುದು ಬೇಡ. ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ನಮ್ಮದು ಒಂದೇ ಮನೆ, ಎರಡು ಬಾಗಿಲು. ಅಣ್ಣತಮ್ಮಂದಿರು ಪಾಲಾದಾಗ ನಡುಮನೆಗೆ ಅಡ್ಡಗೋಡೆ ಎದ್ದಿತು, ಹಿತ್ತಲಿಗೆ ಗೋಡೆ ಕಟ್ಟಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ. ಕೊಟ್ಟಿಗೆ, ಕಲ್ಲುತೊಟ್ಟಿ, ನುಗ್ಗೆಮರ ಅವಳ ಕಡೆಗೆ ಹೋದವು. ನೀರಿನ ಟ್ಯಾಂಕು, ಸಿಮೆಂಟಿನ ಅಂಗಳ ನನ್ನ ಕಡೆಗೆ ಬಂದವು. ಅತ್ತೆ ಅವಳ ಕಡೆಗೇ ಹೋದರು. ಅತ್ತೆಯ ಹಿಂದೆ ನಡುಮನೆಯ ಬುದ್ಧನ ಪಟವೂ ಹೋಯಿತು. ಬುದ್ಧನ ಪಟದ ವಿಷಯಕ್ಕೂ ಹೊಟ್ಟೆಕಿಚ್ಚು ಪಡುವ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಅವಳ ಹತ್ತಿರ ಏನಿದೆ ಅಂತ ಹೊಟ್ಟೆಕಿಚ್ಚು ಎಂದು ನಮ್ಮನೆಯವರು ಕೇಳುತ್ತಾರೆ. ಸರಿಯೇ. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ತಿಂಗಳಿಗೆ ಸಂಬಳ ಬರುತ್ತದೆ, ಸ್ಕೂಟರ್ ಇದೆ, ಊರಿನವರು ಮೇಡಂ ಅನ್ನುತ್ತಾರೆ. ಅವಳು ಬೆಳಗಾಗೆದ್ದು ಹಾಲು ಕರೆದು ಡೇರಿಗೆ ಹಾಕುತ್ತಾಳೆ, ಕಬ್ಬಿನ ಗದ್ದೆಗೆ ಹೋಗುತ್ತಾಳೆ, ಅಷ್ಟೇ. ಆದರೆ ಅವಳು ಕೂತಲ್ಲಿ ಜನ ಬಂದು ಕೂರುತ್ತಾರೆ. ನನ್ನ ಅಂಗಳದಲ್ಲಿ ಕುರ್ಚಿ ಹಾಕಿದ್ದರೂ ಬಂದವರು ಅವಳ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಅವಳು ನೆಟ್ಟ ಕರಿಬೇವು ಮರವಾಗುತ್ತದೆ, ನಾನು ನೆಟ್ಟದ್ದು ಕಡ್ಡಿಯಾಗಿಯೇ ಉಳಿಯುತ್ತದೆ. ಅವಳ ಮುದ್ದೆಯಲ್ಲಿ ಹುಡುಕಿದರೂ ಒಂದು ಗಂಟು ಸಿಗುವುದಿಲ್ಲ. ನನ್ನ ಮುದ್ದೆಯನ್ನು ನಮ್ಮನೆಯವರು ಮಾತಾಡದೆ ನುಂಗುತ್ತಾರೆ. ಆ ಮಾತಾಡದೆ ಇರುವುದೇ ನನ್ನ ಮೈ ಉರಿಸುತ್ತದೆ.

ಇಂಥ ಮನೆಗೆ ಆ ನಾಯಿ ಬಂತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಂಡ್ಯದ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಗೆಳತಿಯರ ಜೊತೆ ಸೇರಿ, ಯಾರೋ ಬಿಟ್ಟುಹೋದ ನಾಯಿಗಳನ್ನು ತಂದು, ಔಷಧಿ ಮಾಡಿಸಿ, ಅವಕ್ಕೊಂದು ಮನೆ ಹುಡುಕಿಕೊಡುವುದು ಅವಳ ಹುಚ್ಚು. ನಮ್ಮೂರಿನ ಆಚೆಗೆ ಒಂದು ಆಲೆಮನೆ ಮುಚ್ಚಿತ್ತು. ಬೆಲ್ಲ ಮಾಡುತ್ತಿದ್ದವರು ಕೊಪ್ಪರಿಗೆಯಿಂದ ಹಿಡಿದು ಬೆಲ್ಲದ ಅಚ್ಚಿನವರೆಗೆ ಎಲ್ಲವನ್ನೂ ಲಾರಿಗೆ ಹೇರಿಕೊಂಡು ಹೋಗಿದ್ದರು, ಕಾವಲಿಗೆ ಕಟ್ಟಿದ್ದ ನಾಯಿಯನ್ನು ಮಾತ್ರ ಕಂಬದಲ್ಲೇ ಬಿಟ್ಟಿದ್ದರು. ಆ ಹುಡುಗಿ ಕರೆದಳೆಂದು ಜೊತೆಗೆ ಹೋಗಿ ನೋಡಿದಾಗ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಅವನು ಮಲಗಿದ್ದ. ಕೆಂದು ಮೈ, ಕಪ್ಪು ಮೂತಿ, ನಿಂತರೆ ನನ್ನ ಸೊಂಟದೆತ್ತರ. ಸರಪಳಿ ಕುತ್ತಿಗೆಯ ಚರ್ಮದೊಳಗೆ ಇಳಿದಿತ್ತು. ಮದ್ದೂರಿನ ಪಶು ಡಾಕ್ಟರು ಅದನ್ನು ಬಿಡಿಸುವಾಗ ಅವನು ಒಂದು ಸಲವೂ ಹಲ್ಲು ತೋರಿಸಲಿಲ್ಲ. ಇಂಥದ್ದನ್ನು ಸಾಕುವವರು ಲಕ್ಷಣವಾಗಿ ಸಾಕಬೇಕು ಎಂದು ಬೈದು ನನ್ನ ಕೈಗೆ ಮುಲಾಮು ಕೊಟ್ಟರು. ಕಟ್ಟಿಹಾಕಿದವಳು ನಾನೇ ಅಂದುಕೊಂಡಿದ್ದರು.

"ಫಾಸ್ಟರ್ ಅಂದ್ರೆ ಮಿಸ್, ನಾವು ಒಳ್ಳೆ ಮನೆ ಹುಡುಕೋವರೆಗೂ ನೀವು ಇಟ್ಕೊಳ್ಳೋದು," ಎಂದಳು ಆ ಹುಡುಗಿ. "ನಿಮ್ಮ ನಾಯಿ ಅಂತ ಅಲ್ಲ. ತುಂಬಾ ಹಚ್ಕೋಬೇಡಿ. ಇಷ್ಟು ದೊಡ್ಡ ನಾಯಿಗೆ ಜಾಗ ಸಿಗೋದು ಕಷ್ಟ, ಸ್ವಲ್ಪ ದಿನ ಹಿಡಿಯುತ್ತೆ."

ನಾನು ಒಪ್ಪಿದೆ. ಓರಗಿತ್ತಿಯ ಕಡೆ ಹಸು, ಕರು, ಕೋಳಿ ಅಂತ ಅಷ್ಟೊಂದು ಜೀವ ಓಡಾಡುವಾಗ ನನ್ನ ಸಿಮೆಂಟಿನ ಅಂಗಳದಲ್ಲೂ ನನ್ನದೊಂದು ಇರಲಿ ಅನ್ನಿಸಿತ್ತು. ಮಾರನೇ ದಿನ ಸ್ಕೂಲಿಗೆ ಹೊರಡುವಾಗ ಅವನನ್ನು ಒಬ್ಬನನ್ನೇ ಬಿಡಲು ಮನಸ್ಸು ಬರಲಿಲ್ಲ. ಕುತ್ತಿಗೆಯ ಗಾಯಕ್ಕೆ ತಾಗದಂತೆ ಎದೆಗೆ ಸುತ್ತಿದ್ದ ಹಗ್ಗವನ್ನು ಓರಗಿತ್ತಿಯ ಕೈಗೆ ಕೊಟ್ಟೆ. "ಮದ್ಯಾನ ಒಂದಿಷ್ಟು ಏನಾದ್ರೂ ಇಕ್ಕು ಕಣಮ್ಮಿ," ಎಂದೆ. ಅವಳು ಹಗ್ಗ ಹಿಡಿದು, ಅವನನ್ನು ಮೇಲಿಂದ ಕೆಳಗೆ ನೋಡಿ, "ಕರ ಇದ್ದಂಗವ್ನಲ್ಲಕ್ಕ," ಎಂದು ನಕ್ಕಳು. ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ನಾನು ಹೋದೆ.

ಆವತ್ತು ಸಂಜೆಯಿಂದಲೇ ಶುರುವಾಯಿತು ನನ್ನ ಸಂಕಟ. ಮಂಡ್ಯದ ಹುಡುಗಿ ತಂದಿಟ್ಟ ಪ್ಯಾಕೆಟ್ಟಿನ ಊಟವನ್ನು ತಟ್ಟೆಗೆ ಹಾಕಿದರೆ ಮೂಸಿ ಮುಖ ತಿರುಗಿಸಿದ. "ಮಜ್ಗೆ ಮುದ್ದೆ ಇಕ್ಕಿದ್ದೆ, ಬಟ್ಲು ನೆಕ್ಕಿ ಒಳಪು ಬರ್ಸ್‌ಬುಟ್ಟ," ಎಂದು ಆ ಕಡೆಯಿಂದ ಅವಳ ದನಿ ಬಂತು. ನಾನೂ ಮುದ್ದೆ ಮಾಡಿದೆ. ಎಲ್ಲವನ್ನೂ ಬಿಟ್ಟು ಒಂದು ನಾಯಿಗಾಗಿ ನಿಂತು ಮುದ್ದೆ ತೊಳಸಿದೆ. ಮಜ್ಜಿಗೆಯಲ್ಲಿ ಕಿವುಚಿ ಇಟ್ಟೆ. ತಿಂದ, ತಿನ್ನಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಗಂಟುಗಳನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಬಿಟ್ಟಿದ್ದ. ಅದನ್ನು ನೋಡಿದಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಹಿತ್ತಲು ಸುತ್ತಿಕೊಂಡು ಅವಳ ಕಡೆಗೆ ಓಡುತ್ತಿದ್ದ. ಅವಳು ಹಾಲು ಕರೆಯುವಾಗ ಕೊಟ್ಟಿಗೆಯ ಬಾಗಿಲಲ್ಲಿ ಕೂರುತ್ತಿದ್ದ. ಅವಳು ಖಾಲಿ ಬಕೆಟ್ ಅಲ್ಲಾಡಿಸಿದರೂ ಎದ್ದು ಮೈಯೆಲ್ಲ ಬಳುಕಿಸುತ್ತಿದ್ದ. ಸಂಜೆ ನನ್ನ ಸ್ಕೂಟರ್ ಬಂದರೆ ಅವಳ ಜಗಲಿಯ ಕೆಳಗೆ ಮಲಗಿದ್ದಲ್ಲಿಂದಲೇ ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯುತ್ತಿದ್ದ. ಏಳುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದವರಿಗೆ ನಾವು ತಲೆಯಾಡಿಸುತ್ತೇವಲ್ಲ, ಅಷ್ಟೇ ಮರ್ಯಾದೆ.

ನಾನು ಅವನಿಗೆ ಒಂದು ಒಳ್ಳೆಯ ಹೆಸರಿಟ್ಟಿದ್ದೆ, ಒಂದು ನಕ್ಷತ್ರದ ಹೆಸರು. ಅವಳು ಹೆಸರಿನ ಗೋಜಿಗೇ ಹೋಗಲಿಲ್ಲ. "ಬಾ ಮಗ," ಅನ್ನುತ್ತಿದ್ದಳು, ಅವನು ಹೋಗುತ್ತಿದ್ದ. ನಾನು ನಕ್ಷತ್ರವನ್ನು ಕೂಗಿ ಕೂಗಿ ಗಂಟಲು ನೋಯಿಸಿಕೊಂಡಿದ್ದೇ ಬಂತು. ಒಂದು ದಿನ ಯಾರೂ ಇಲ್ಲದಾಗ ನಾನೂ "ಬಾ ಮಗ" ಅಂದು ನೋಡಿದೆ. ಅವನು ತಲೆಯೆತ್ತಿ ಅವಳ ಬಾಗಿಲ ಕಡೆ ನೋಡಿದ.

ಗಾಯದ ವಿಷಯದಲ್ಲಂತೂ ನಮಗೆ ಜಗಳವೇ ಆಯಿತು. ಎರಡು ಹೊತ್ತೂ ಗಾಯ ತೊಳೆದು ಮುಲಾಮು ಹಚ್ಚುತ್ತಿದ್ದವಳು ನಾನು. ಅವನ ದೊಡ್ಡ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೀವು ಒರೆಸಿ, ನೊಣ ಕೂರದಂತೆ ಬಟ್ಟೆ ಸುತ್ತುತ್ತಿದ್ದೆ. ಒಂದು ಸಂಜೆ ಬಂದು ನೋಡಿದರೆ ಬಟ್ಟೆ ಬಿಚ್ಚಿಹಾಕಿ ಬೇವಿನೆಣ್ಣೆ ಬಳಿದಿದ್ದಳು.

"ಯಾರ್ ಕೇಳಿ ಎಣ್ಣೆ ಬಳುದೆ?" ಎಂದೆ.

"ಯಾರ್ ಕೇಳ್ಬೇಕು? ಗಾಯಕ್ಕೆ ಗಾಳಿ ಆಡ್‌ಬೇಕಲ್ವಾ?"

"ಡಾಕ್ಟ್ರು ಮುಲಾಮ್ ಕೊಟ್ಟವ್ರೆ. ನಿನ್ ಎಣ್ಣೆಗೆ ಅದು ಕೊಳ್ತೋದ್ರೆ?"

"ಕೊಳ್ಯಕ್ಕೆ ಅದೇನ್ ಬದ್ನೆಕಾಯಾ?" ಎಂದು ಅವಳು ಸೆಗಣಿ ಬುಟ್ಟಿ ಎತ್ತಿಕೊಂಡು ಹೋದಳು.

ಗಾಯ ಮಾಯಿತು. ಮುಲಾಮಿನಿಂದ ಮಾಯಿತು ಎಂದು ನಾನು, ಎಣ್ಣೆಯಿಂದ ಮಾಯಿತು ಎಂದು ಅವಳು. ಡಾಕ್ಟರೇ ಮುಲಾಮು ಅಂದರೂ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುವವರೆಲ್ಲ ಎಣ್ಣೆ ಅಂದರು. ಊರಿನ ಲೆಕ್ಕದಲ್ಲಿ ನಾಯಿಯನ್ನು ಬದುಕಿಸಿದವಳು ಅವಳೇ.

ಈ ನಡುವೆ ಮನೆ ಹುಡುಕುವುದು ನಡೆದಿತ್ತು. ಮಂಡ್ಯದ ಹುಡುಗಿ ಅವನ ಫೋಟೊ ತೆಗೆದು ಫೋನಿನಲ್ಲಿ ಎಲ್ಲ ಕಡೆ ಹಾಕಿದ್ದಳು. ಫೋಟೊದಲ್ಲಿ ಅವನ ಪಕ್ಕ ನಿಂತವಳು ನಾನು, ಅವನು ನೋಡುತ್ತಿದ್ದದ್ದು ಚಿತ್ರದ ಆಚೆಗೆ, ಯಾರ ಕಡೆಗೆಂದು ಹೇಳಬೇಕಾಗಿಲ್ಲ. ಮಂಡ್ಯದಿಂದ ಒಂದು ಕುಟುಂಬ ಬಂತು. ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇರುವವರು. ಫೋಟೊದಲ್ಲಿ ಇಷ್ಟು ದೊಡ್ಡದು ಅನ್ನಿಸಲಿಲ್ಲ ಎಂದು ಕಾಫಿ ಕುಡಿದು ಹೋದರು. ಚಿಕ್ಕರಸಿನಕೆರೆ ಕಡೆಯ ಕೋಳಿ ಫಾರಂನವನೊಬ್ಬ ಬಂದು, ನಾಯಿಯ ಹಲ್ಲು ನೋಡಿ, ಎದೆ ತಟ್ಟಿ, "ಒಳ್ಳೆ ಮಾಲು," ಎಂದ. ಕಟ್ಟಿಹಾಕುತ್ತೀಯಾ ಅಂದರೆ "ಕಟ್ಟಾಕ್ದೆ ಕಾವಲ್ ಎಂಗ್ ಕಾಯ್ತದೆ?" ಎಂದ. ಫಾರಂನವನನ್ನು ಕಳಿಸಿದ ಮೇಲೆ ಓರಗಿತ್ತಿ ಅವನು ನಿಂತ ಜಾಗಕ್ಕೆ ನೀರು ಚಿಮುಕಿಸಿ ಗುಡಿಸಿದಳು. ಆ ಒಂದು ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಅಭಿಪ್ರಾಯ.

ಆಮೇಲೆ ಕಿರುಗಾವಲಿನಿಂದ ಫೋನ್ ಬಂತು. ಮಳವಳ್ಳಿ ತಾಲ್ಲೂಕಿನ ಆ ಊರಿನಲ್ಲಿ ಗಂಡ ಸರ್ಕಾರಿ ನೌಕರ, ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಸುತ್ತ ಕಾಂಪೌಂಡು, ಒಳಗೆ ತೆಂಗಿನಮರಗಳು, ಹಿಂದೆ ಗದ್ದೆ. ಹಿಂದೆ ಅವರ ಹತ್ತಿರ ಇಂಥದೇ ದೊಡ್ಡ ನಾಯಿ ಇತ್ತು, ವಯಸ್ಸಾಗಿ ಸತ್ತಿತ್ತು. ಮಂಡ್ಯದ ಹುಡುಗಿ ಹೋಗಿ ನೋಡಿಕೊಂಡು ಬಂದು, "ಇದಕ್ಕಿಂತ ಒಳ್ಳೆ ಮನೆ ಸಿಗಲ್ಲ ಮಿಸ್," ಎಂದಳು. ನಾನು ಸರಿ ಎಂದೆ. ಬರುವ ಭಾನುವಾರ ಕಳಿಸುವುದೆಂದು ಮಾತಾಯಿತು.

ಇದೆಲ್ಲ ನನ್ನ ಅಂಗಳದಲ್ಲಿ ನಿಂತು ಆಡಿದ ಮಾತು. ಓರಗಿತ್ತಿ ಹಾಲಿನ ಕ್ಯಾನು ತೊಳೆಯುತ್ತಾ ಕೇಳಿಸಿಕೊಂಡಿದ್ದಳು. ಕ್ಯಾನು ಬೋರಲು ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು ಬಂದಳು.

"ನನ್ನೊಂದ್ ಮಾತ್ ಕೇಳ್ದೆ ಎಂಗ್ ಒಪ್ಕಂಡೆ ಅಕ್ಕ?"

"ನಿನ್ನ ಯಾಕ್ ಕೇಳ್ಬೇಕು?"

"ಅರ್ದ ನಂದಲ್ವಾ?"

ಮಂಡ್ಯದ ಹುಡುಗಿಗೆ ಏನೂ ತಿಳಿಯಲಿಲ್ಲ. ನನಗೆ ಒಂದು ಕ್ಷಣ ಮಾತ್ರ ತಿಳಿಯಲಿಲ್ಲ, ಮರುಕ್ಷಣ ಎಲ್ಲ ತಿಳಿಯಿತು. ನಮ್ಮ ಕಡೆ ಹಸು, ಕುರಿಗಳನ್ನು ಪಾಲಿಗೆ ಸಾಕುತ್ತಾರೆ. ಒಬ್ಬರ ಹತ್ತಿರ ಹಸು ಇರುತ್ತದೆ, ನೋಡಿಕೊಳ್ಳಲು ಆಳಿರುವುದಿಲ್ಲ. ಅದನ್ನು ಇನ್ನೊಬ್ಬರಿಗೆ ಸಾಕಲು ಕೊಡುತ್ತಾರೆ, ಹುಟ್ಟಿದ ಕರುಗಳು ಒಂದು ಅವರಿಗೆ, ಒಂದು ಇವರಿಗೆ. ಬರಹವೂ ಇಲ್ಲ, ಸಾಕ್ಷಿಯೂ ಇಲ್ಲ. ಹಗ್ಗವನ್ನು ಕೈಗೆ ಕೊಟ್ಟು, ಮೇವು ಇಕ್ಕು ಎಂದರೆ ಮಾತು ಮುಗಿಯಿತು. ಆಮೇಲೆ ಸಾಕಿದವರನ್ನು ಕೇಳದೆ ಒಡೆಯನೂ ಆ ಜೀವವನ್ನು ಬೇರೆಯವರಿಗೆ ಕೊಡುವಂತಿಲ್ಲ. ಮಂಡ್ಯದ ಹುಡುಗಿಯಿಂದ ನಾನು ನಾಯಿಯನ್ನು ಪಾಲಿಗೆ ತಂದೆ, ನನಗೆ ಸ್ಕೂಲಿರುವುದರಿಂದ ನನ್ನ ಪಾಲಿನಲ್ಲಿ ಅರ್ಧವನ್ನು ಅವಳಿಗೆ ಕೊಟ್ಟೆ, ಹೀಗೆಂದು ಅವಳು ಮೊದಲ ದಿನವೇ ತೀರ್ಮಾನ ಮಾಡಿಕೊಂಡಿದ್ದಳು. ಫಾಸ್ಟರ್ ಎಂದರೆ ಪಾಲು, ಇನ್ನೇನು. ಹಗ್ಗ ಕೈಗೆ ಕೊಟ್ಟವಳು ನಾನೇ. ಇಕ್ಕು ಎಂದವಳೂ ನಾನೇ. ಹೀಗಾಗಿ ಅವಳನ್ನು ಸುಳ್ಳಿ ಎನ್ನಲು ನನಗೆ ಬಾಯಿ ಬರಲಿಲ್ಲ.

"ಕರ ಆಕಕ್ಕೆ ಅದೇನ್ ಹಸುನಾ?" ಎಂದು ಮಾತ್ರ ಅಂದೆ.

"ಕರ ಇಲ್ದಿದ್ರೆ ಏನು, ಮಾತಿಲ್ವಾ? ಒಂದ್ ಮಾತ್ ಕೇಳ್ಬೇಕಿತ್ತು," ಎಂದು ಅವಳು ಅಲ್ಲೇ ನಿಂತಳು.

ಮಂಡ್ಯದ ಹುಡುಗಿಗೆ ಪಾಲಿನ ಪದ್ಧತಿಯನ್ನು ಬಿಡಿಸಿ ಹೇಳಿದೆ. ಅವಳು ನಗುತ್ತಾ ಕೇಳಿದಳು, ಆಮೇಲೆ ನಗು ನಿಲ್ಲಿಸಿ, "ಹಂಗಾದ್ರೆ ಆಂಟಿಗೇ ಕೊಟ್ಬಿಡೋಣ ಮಿಸ್. ಅವನು ಇಲ್ಲಿ ಎಷ್ಟು ಖುಷಿಯಾಗಿದಾನೆ. ಬೇರೆ ಮನೆ ಯಾಕೆ?" ಎಂದಳು.

ಓರಗಿತ್ತಿ ನನ್ನ ಮುಖ ನೋಡಿದಳು. ನನಗೇ ಇರಲಿ ಬುಡು ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ. ಪಾಲಿಗೆ ಸಾಕಿದವರು ಜೀವವನ್ನು ಕೇಳಿ ಪಡೆಯುವುದಿಲ್ಲ, ಕೊಟ್ಟವರ ಬಾಯಿಂದಲೇ ಅದು ಬರಬೇಕು. ಅವಳು ಆ ಮಾತಿಗೆ ಕಾಯುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಯಿ ಅವಳ ಕಾಲಿಗೆ ಒರಗಿಕೊಂಡು ನಿಂತಿತ್ತು. "ಇಟ್ಕೋ" ಎಂಬ ಒಂದು ಮಾತು ಸಾಕಿತ್ತು.

ನನಗೆ ಬಂದ ಮಾತುಗಳೇ ಬೇರೆ. ಹಸು ಇರುವ ಕಡೆ ಇಷ್ಟು ದೊಡ್ಡ ನಾಯಿ ಬೇಡ ಎಂದೆ. ಮುಂದೆ ಬಸ್ಸಿನ ರೋಡಿದೆ ಎಂದೆ. ಕಿರುಗಾವಲಿನವರಿಗೆ ಮಾತು ಕೊಟ್ಟಾಗಿದೆ, ತಪ್ಪಬಾರದು ಎಂದೆ. ಒಂದೂ ಸುಳ್ಳಲ್ಲ, ಒಂದೂ ಕಾರಣವಲ್ಲ. ಕಾರಣ ಇಷ್ಟೇ: ಅವನು ಅವಳ ನಾಯಿಯಾಗಿ ದಿನಾ ಬೆಳಗಾದರೆ ನನ್ನ ಕಣ್ಣೆದುರಿಗೆ ಅವಳ ಹಿಂದೆ ಹಿಂದೆ ಓಡಾಡುವುದನ್ನು ನಾನು ನೋಡಿಕೊಂಡಿರಲಾರೆ. ಅದಕ್ಕಿಂತ ಅವನು ಕಣ್ಣಿಗೆ ಕಾಣದ ಕಿರುಗಾವಲಿನಲ್ಲಿರುವುದೇ ಮೇಲು. ಹೊಟ್ಟೆಯಲ್ಲಿ ಹಾಗೆ ಅಂದುಕೊಂಡು, ಬಾಯಲ್ಲಿ ಬಸ್ಸಿನ ರೋಡು ಎನ್ನುತ್ತಿದ್ದೆ.

"ಆಯ್ತು ಬುಡಕ್ಕ," ಎಂದಳು ಅವಳು ಕೊನೆಗೆ. "ತಕ್ಕಳೋರ ಮನೆ ನಾನೂ ನೋಡ್ಬೇಕು. ನೋಡ್ದೆ ಬುಡಲ್ಲ."

ಭಾನುವಾರ ಮಂಡ್ಯದ ಹುಡುಗಿ ಲಗೇಜ್ ಆಟೋ ಮಾಡಿಕೊಂಡು ಬಂದಳು. ಓರಗಿತ್ತಿ ಅವನಿಗೆ ಸ್ನಾನ ಮಾಡಿಸಿದ್ದಳು. ನಾನೂ ಹಿಂದಿನ ದಿನ ಮಾಡಿಸಿದ್ದೆ, ಹೀಗಾಗಿ ಅವನಿಗೆ ಎರಡು ಸ್ನಾನ ಆಯಿತು. ಆಟೋದ ಹಿಂದೆ ಗೋಣಿಚೀಲ ಹಾಸಿ ನಾನು ಹತ್ತಿ ಕರೆದೆ. ಹೆಸರು ಹಿಡಿದು ಕರೆದೆ, ಬಿಸ್ಕೆಟ್ ತೋರಿಸಿ ಕರೆದೆ. ಡ್ರೈವರ್ ಹಿಂದಿನಿಂದ ತಳ್ಳಿದ. ಅವನು ನಾಲ್ಕೂ ಕಾಲು ಊರಿ ನಿಂತುಬಿಟ್ಟ, ಅಲ್ಲಾಡಲಿಲ್ಲ. ಓರಗಿತ್ತಿ ಸೀರೆ ಎತ್ತಿಕಟ್ಟಿ ಆಟೋ ಹತ್ತಿ ಕೂತಳು. ಅವನು ಒಂದೇ ನೆಗೆತಕ್ಕೆ ಹತ್ತಿ ಅವಳ ಪಕ್ಕ ಕೂತ. ಅವನನ್ನು ಕೊಟ್ಟುಬರುವುದಕ್ಕೂ ಅವಳೇ ಬೇಕಾಯಿತಲ್ಲ ಎಂದು ನನಗೆ ಮಳವಳ್ಳಿಯವರೆಗೂ ಉರಿಯುತ್ತಿತ್ತು. ಅವರಿಬ್ಬರೂ ಹಿಂದೆ ಗಾಳಿಗೆ ಮುಖವೊಡ್ಡಿ ಕೂತಿದ್ದರು, ಅವಳ ಒಂದು ಕೈ ಅವನ ಬೆನ್ನಿನ ಮೇಲಿತ್ತು. ನಾನು ಮುಂದೆ ಡ್ರೈವರ್ ಮತ್ತು ಆ ಹುಡುಗಿಯ ಪಕ್ಕ ಇರುಕಿಕೊಂಡು ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದೆ.

ಕಿರುಗಾವಲಿನ ಮನೆ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಗಂಡ ಗೇಟು ತೆಗೆದು ಎಲ್ಲರನ್ನೂ ಒಳಗೆ ಕರೆದ. ಹೆಂಡತಿ ಪಡಸಾಲೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಯಾರದೋ ಮದುವೆಯ ರವಿಕೆಗಳು, ಸಂಜೆಗೆ ಕೊಡಬೇಕಿತ್ತಂತೆ. "ಬನ್ನಿ ಬನ್ನಿ, ಕೂತ್ಕಳಿ, ಇದೊಂದ್ ತೋಳು ಮುಗಿಸಿ ಎದ್ದೆ," ಎಂದಳು. ನಾಯಿಯನ್ನು ಒಂದು ಸಲ ನೋಡಿದಳು, ಮತ್ತೆ ಸೂಜಿಯ ಕಡೆ ನೋಡಿದಳು. ಕರೆಯಲಿಲ್ಲ, ಕೈ ಚಾಚಲಿಲ್ಲ.

ಅವನು ಪಡಸಾಲೆಯನ್ನೆಲ್ಲ ಮೂಸಿದ. ಕೆಳಗೆ ಬಿದ್ದಿದ್ದ ಬಟ್ಟೆ ಚೂರುಗಳನ್ನು ಮೂಸಿದ. ಮೆಷಿನ್ನಿನ ಕೆಳಗೆ ತಲೆ ತೂರಿಸಿ, ಆ ಹೆಂಗಸಿನ ಎರಡೂ ಪಾದಗಳ ಮೇಲೆ ಎದೆ ಊರಿ ಮಲಗಿಬಿಟ್ಟ. ಅವಳ ಕಾಲು ತುಳಿಯಲಾಗದೆ ಮೆಷಿನ್ನು ನಿಂತಿತು. ಅವಳು ಹೊಲಿಗೆಯನ್ನು ಅಲ್ಲಿಗೇ ಬಿಟ್ಟಳು. "ನಮ್ದೂ ಇಲ್ಲೇ ಮಲ್ಗೋದು," ಎಂದಳು. ಕಣ್ಣು ತುಂಬಿತ್ತು.

ನಾನು ಓರಗಿತ್ತಿಯ ಮುಖ ನೋಡಿದೆ. ಆ ಮುಖದ ಪರಿಚಯ ನನಗಿತ್ತು. ಇಷ್ಟು ತಿಂಗಳು ಅದನ್ನು ಹೊತ್ತುಕೊಂಡು ತಿರುಗಿದವಳು ನಾನು. ಕೊಟ್ಟ ಕಾಫಿ ಅವಳ ಕೈಯಲ್ಲೇ ಆರುತ್ತಿತ್ತು. ಏನೂ ಮಾಡದ, ಒಂದು ತುತ್ತು ಇಕ್ಕದ, ಕೂತಲ್ಲಿಂದ ಏಳದ ಒಬ್ಬಳ ಕಾಲಡಿ ಅವನು ಹೋಗಿ ಮಲಗಿದ್ದನ್ನು ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಹೋಳಿಗೆ ಊಟ ಮಾಡಿದ ಹಾಗಾಯಿತು. ಅನುಭವಿಸು ಎಂದುಕೊಂಡೆ.

ಹೊರಡುವ ಹೊತ್ತಿಗೆ ಅವಳು ಅವನ ಎದೆಯಿಂದ ಹಗ್ಗ ಬಿಚ್ಚಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಜೀವ ಕೊಟ್ಟರೂ ಹಗ್ಗ ಕೊಡಬಾರದು, ಕೊಟ್ಟರೆ ಕೊಟ್ಟಿಗೆ ಬರಿದಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಕಿರುಗಾವಲಿನವಳೂ ಅದೇ ಸೀಮೆಯವಳು, ಕೇಳಲಿಲ್ಲ. ಹೊಸ ಬೆಲ್ಟು ತಂದಿಟ್ಟಿದ್ದಳು. ಗೇಟಿನ ಹತ್ತಿರ ಹೋದ ಓರಗಿತ್ತಿ ತಿರುಗಿ ನಿಂತು, ಮೆಲ್ಲಗೆ, "ಬಾ ಮಗ," ಎಂದಳು. ಪರೀಕ್ಷೆ ಮಾಡಿದ್ದು. ಅವನು ಮಲಗಿದ್ದಲ್ಲಿಂದಲೇ ಬಾಲವನ್ನು ನೆಲಕ್ಕೆ ಬಡಿದ. ಏಳಲಿಲ್ಲ.

ಆಟೋದವನು ಕಿರುಗಾವಲಿನಿಂದ ಬಾಳೆಗೊನೆ ತುಂಬಿಕೊಂಡು ಮೈಸೂರಿನ ಕಡೆ ಹೋದ. ನಾವು ಮೂವರೂ ಬಸ್ಸಿನಲ್ಲಿ ಮಳವಳ್ಳಿಗೆ ಬಂದೆವು. ಅಲ್ಲಿಂದ ಹುಡುಗಿ ಮಂಡ್ಯದ ಬಸ್ಸು ಹತ್ತಿದಳು, ನಾವಿಬ್ಬರು ಮದ್ದೂರಿನ ಬಸ್ಸು. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಹೆಂಗಸರ ಟಿಕೆಟ್ ತೆಗೆದುಕೊಂಡು ಒಂದೇ ಸೀಟಿನಲ್ಲಿ ಕೂತೆವು. ಪಾಲಾದ ಮೇಲೆ ನಾವಿಬ್ಬರೇ ಒಟ್ಟಿಗೆ ಬಸ್ಸು ಹತ್ತಿದ್ದು ನನಗೆ ನೆನಪಿಲ್ಲ.

"ಮುದ್ದೆ ಮಾಡಕ್ಕೇ ಬರಲ್ವಂತೆ ಅವ್ಳಿಗೆ," ಎಂದಳು ಓರಗಿತ್ತಿ, ಬಸ್ಸು ಹೊರಟ ಮೇಲೆ. "ಅನ್ನ ಇಕ್ತಾಳಂತೆ. ಅನ್ನ ತಿಂದ್ಕಂಡು ಆ ಮೈ ಎಂಗ್ ನಿಂತದು?"

"ಪಡಸಾಲೆ ತುಂಬಾ ಸೂಜಿ," ಎಂದೆ ನಾನು. "ಕಾಲಿಗೆ ಚುಚ್ಕಂಡ್ರೆ ಏನ್ ಗತಿ?"

"ಎದ್ದು ಬಂದು ಒಂದ್ ಕಿತ ತಲೆ ಸವರ್ನಿಲ್ಲ. ಅದೇನ್ ಠೀವಿ ಕಣಕ್ಕ."

"ಕಾಫಿನೂ ನೀರ್ ನೀರು."

ಆ ಪಾಪದ ಹೆಂಗಸನ್ನು ನಾವು ಮಳವಳ್ಳಿ ದಾಟುವವರೆಗೂ ಬಿಡಲಿಲ್ಲ. ಅವಳ ರವಿಕೆ, ಅವಳ ಗಂಡನ ನಗು, ಅವರ ಗೇಟಿನ ಬಣ್ಣ, ಒಂದನ್ನೂ ಬಿಡಲಿಲ್ಲ. ಇಷ್ಟು ವರ್ಷದಲ್ಲಿ ಓರಗಿತ್ತಿಯ ಜೊತೆ ನಾನು ಅಷ್ಟು ಸುಖವಾಗಿ ಮಾತಾಡಿದ್ದೇ ಇಲ್ಲ. ಆಮೇಲೆ ಆಡಿಕೊಳ್ಳಲು ಏನೂ ಉಳಿಯಲಿಲ್ಲ. ಕಿಟಕಿಯ ಆಚೆ ಕಬ್ಬಿನ ಗದ್ದೆಗಳು ಹೋಗುತ್ತಿದ್ದವು.

"ನಂಗೇ ಕೊಟ್ಬುಡ್‌ಬೋದಿತ್ತಲ್ಲ ಅಕ್ಕ," ಎಂದಳು.

"ಕೊಡ್‌ಬೋದಿತ್ತು."

"ಮತ್ಯಾಕ್ ಕೊಡ್ನಿಲ್ಲ?"

ಬಸ್ಸಿನ ರೋಡು ಎನ್ನಲು ಬಾಯಿ ತೆರೆದೆ. ಬಸ್ಸಿನಲ್ಲಿ ಕೂತುಕೊಂಡು ಅದನ್ನು ಹೇಳಲು ನಾಲಿಗೆ ಹೊರಳಲಿಲ್ಲ. "ನಿನ್ ಕಂಡ್ರೆ ಎದ್ದು ಕುಣಿಯೋನು. ನನ್ ಕಂಡ್ರೆ ಏಳ್ತಾನೂ ಇರ್ನಿಲ್ಲ," ಎಂದೆ. "ದಿನಾ ಅದ ನೋಡ್ಕಂಡಿರಕ್ಕೆ ನನ್ ಕೈಲಿ ಆಯ್ತಿರ್ನಿಲ್ಲ ಕಣಮ್ಮಿ. ಹೊಟ್ಟೆಕಿಚ್ಚು. ಇನ್ನೇನು?"

ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ಪೂರ್ತಿ ತಿರುಗಿ, ಹುಚ್ಚು ಹಿಡಿದಿದೆಯಾ ಎಂಬಂತೆ ನೋಡಿದಳು.

"ನಿಂಗಾ ಹೊಟ್ಟೆಕಿಚ್ಚು?" ಎಂದಳು. "ಒತ್ತಾರೆಯಿಂದ ಇಕ್ಕಿ, ನೀರ್ ಕೊಟ್ಟು, ನೊಣ ಓಡುಸ್ತಾ ಕೂತಿರೋಳು ನಾನು. ಒತ್ ಮುಳುಗ್ತಿದ್ದಂಗೆ ಎದ್ದು ನಿನ್ ತಾವ್ಕೆ ಬಂದ್ಬುಡೋನು. ಕರುದ್ರೂ ನಿಲ್ತಿರ್ನಿಲ್ಲ, ಬಾಗ್ಲ್ ಹಾಕುದ್ರೆ ಕೆರೆಯೋನು. ಒಂದಿನಾನಾದ್ರೂ ನನ್ ತಾವ ಮನೀಕಂಡ್ನಾ? ಹಗ್ಲೆಲ್ಲ ನನ್ ತಾವ ಇದ್ದು ನಿನ್ ಮಂಚದ್ ತಾವ್ಲೇ ಮನೀಕಬೇಕು ಅವ್ನಿಗೆ. ನಾನು ಅದುಕ್ಕೆ ಅತ್ತಿವ್ನಿ ಕಣಕ್ಕ."

ನೋಡಿ, ನಾನು ಇಷ್ಟೆಲ್ಲ ಬರೆದೆ. ಅವನು ಅವಳ ಹಿಂದೆ ಓಡಿದ್ದು, ಅವಳ ಬಟ್ಟಲು ನೆಕ್ಕಿದ್ದು, ನನ್ನ ಮುದ್ದೆಯ ಗಂಟು ಆರಿಸಿಟ್ಟದ್ದು, ಒಂದನ್ನೂ ಮರೆಯದೆ ಬರೆದೆ. ರಾತ್ರಿ ಅವನು ಎಲ್ಲಿ ಮಲಗುತ್ತಿದ್ದ ಎಂದು ಬರೆಯಲೇ ಇಲ್ಲ. ಬಂದ ದಿನದಿಂದ ಹಿಂದಿನ ರಾತ್ರಿಯವರೆಗೆ ಅವನು ಮಲಗಿದ್ದು ನನ್ನ ಮಂಚದ ಪಕ್ಕದಲ್ಲಿ, ನಾನು ಕೈ ಇಳಿಬಿಟ್ಟರೆ ಅವನ ತಲೆ ಸಿಗುವ ಜಾಗದಲ್ಲಿ. ಸಿಮೆಂಟಿನ ನೆಲ ತಣ್ಣಗಿರುತ್ತದೆ, ಅದಕ್ಕೆ ಬರುತ್ತಾನೆ ಎಂದುಕೊಂಡಿದ್ದೆ. ನಿದ್ದೆಯಲ್ಲಿ ಅವನು ಕಾಲು ಒದೆದುಕೊಂಡರೆ ಕೈಯಿಂದ ತಲೆ ತಟ್ಟಿ ಸಮಾಧಾನ ಮಾಡುತ್ತಿದ್ದೆ, ಮತ್ತೆ ಮಲಗುತ್ತಿದ್ದೆ, ಬೆಳಿಗ್ಗೆ ಎದ್ದು ಅವಳ ಕಡೆ ಓಡಿದ ಎಂದು ಸಂಕಟಪಡುತ್ತಿದ್ದೆ.

"ನಿನ್ ಜಾಗ್ದಲ್ಲಿ ನಾನಿದ್ರೆ ನಾನೂ ಕೊಡ್ತಿರ್ನಿಲ್ಲ ಬುಡು," ಎಂದು ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಮದ್ದೂರು ಬಂತು. ಇಳಿಯಲು ಏಳುವಾಗ ನೋಡಿಕೊಂಡೆ, ನನ್ನ ಬಲಗೈ ಸೀಟಿನಿಂದ ಕೆಳಗೆ ಇಳಿಬಿದ್ದಿತ್ತು, ಬೆರಳುಗಳು ಬಿಡಿಸಿಕೊಂಡಿದ್ದವು. ಯಾರಾದರೂ ತುಳಿದಾರು ಎಂದು ಎತ್ತಿಕೊಂಡೆ.